ಎಂ.ಆರ್.ಐ. ನಾರ್ಮಲ್, ಆದರೂ ತಲೆಗೆ ಪಟ್ಟಿ ಬಿಗಿದ ಹಾಗೆ, ಗಮನ ನಿಲ್ಲುತ್ತಿಲ್ಲ. ಮುಂದೇನು?

ಹೊಳೆದಂಡೆ:
ತಮ್ಮನಿಗೆ 29 ವರ್ಷ. ಲೆಕ್ಕಪತ್ರದ ಕೆಲಸ, ದಿನಕ್ಕೆ ಒಂಬತ್ತು ಗಂಟೆ ಲ್ಯಾಪ್‌ಟಾಪ್ ಮುಂದೆ. ಐದು ತಿಂಗಳಿಂದ ಹಣೆಯ ಸುತ್ತ ಟವೆಲ್ ಬಿಗಿದು ಕಟ್ಟಿದ ಹಾಗೆ ಒತ್ತು, ನಡುನೆತ್ತಿಯಲ್ಲಿ ಇರುವೆ ಹರಿದಂತೆ ಜುಮುಜುಮು. ತಡೆಯಲಾರದ ನೋವಲ್ಲ, ಆದರೆ ಬಿಡುವುದೇ ಇಲ್ಲ. ಒಂದೇ ಬಿಲ್ಲನ್ನು ಮೂರು ಸಲ ಓದಿದರೂ ತಲೆಗೆ ಹತ್ತುವುದಿಲ್ಲವಂತೆ. ವಾಂತಿ ಇಲ್ಲ, ಬೆಳಕಿಗೆ ತೊಂದರೆ ಇಲ್ಲ, ನಡೆದಾಡಿದರೆ ಹೆಚ್ಚಾಗುವುದಿಲ್ಲ. ಎಂ.ಆರ್.ಐ., ಬಿ.ಪಿ., ಕಣ್ಣು ಎಲ್ಲ ಸರಿ ಇದೆ, "ಟೆನ್ಷನ್ ಬಿಡಿ" ಅಂದು ಕಳಿಸಿದ್ದಾರೆ. ವಾರಕ್ಕೆ ನಾಲ್ಕು ದಿನ ತಲೆನೋವಿನ ಮಾತ್ರೆ, ಒಂದು ವರ್ಷದಿಂದ ದಿನಾ ಬೆಳಗ್ಗೆ ಗ್ಯಾಸ್ ಮಾತ್ರೆ. ನಾವು ಸಸ್ಯಾಹಾರಿಗಳು. ಎಲ್ಲಿಂದ ಹುಡುಕಲು ಶುರುಮಾಡಬೇಕು?

ಮದ್ದುಪೆಟ್ಟಿಗೆ:
ಮಾತ್ರೆಯಿಂದ ಶುರುಮಾಡಿ. ವಾರಕ್ಕೆ ನಾಲ್ಕು ದಿನ ಅಂದರೆ ತಿಂಗಳಿಗೆ 17. ಬರೀ ಪ್ಯಾರಾಸಿಟಮಾಲ್ ಅಥವಾ ಐಬುಪ್ರೊಫೆನ್ ಆದರೆ ತಿಂಗಳಿಗೆ 15 ದಿನ, ಕೆಫೀನ್ ಸೇರಿದ ಮಿಶ್ರ ಮಾತ್ರೆ, ಟ್ರಿಪ್ಟಾನ್ (ಮೈಗ್ರೇನ್ ಮಾತ್ರೆ), ಟ್ರಮಡಾಲ್ (ಅಫೀಮಿನ ಜಾತಿಯ ನೋವಿನ ಮಾತ್ರೆ) ಆದರೆ 10 ದಿನ: ಮೂರು ತಿಂಗಳು ಮೀರಿ ಹೀಗೆ ನಡೆದರೆ ನೋವು ತೆಗೆಯಬೇಕಾದ ಮಾತ್ರೆಯೇ ತಲೆನೋವನ್ನು ಸಾಕುತ್ತದೆ. ಲೆಕ್ಕ ದಿನಗಳದ್ದು, ಮಾತ್ರೆಗಳದ್ದಲ್ಲ. ಸ್ಟ್ರಿಪ್ ತಿರುಗಿಸಿ ಹಿಂಬದಿಯ ಸಣ್ಣ ಅಕ್ಷರ ಓದಿ. ಅಂಗಡಿಯಲ್ಲಿ ಕೇಳಿ ತರುವ ಎಷ್ಟೋ ತಲೆನೋವಿನ ಮಾತ್ರೆಗಳಲ್ಲಿ ಕೆಫೀನ್ ಇರುತ್ತದೆ.

ಸಾದಾ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಬಹುದು. ಟ್ರಮಡಾಲ್ ಇದ್ದರೆ ಬೇಡ, ಡಾಕ್ಟರ್ ಹೇಳಿದಂತೆ ಇಳಿಸುತ್ತಾ ಬರಬೇಕು. ನಿಲ್ಲಿಸಿದ ಮೊದಲ ವಾರ, ಹತ್ತು ದಿನ ತಲೆ ಇನ್ನಷ್ಟು ಕೆಡುತ್ತದೆ. ಹೆಚ್ಚಿನವರು ಸೋಲುವುದು ಇಲ್ಲೇ: "ಮಾತ್ರೆ ಇಲ್ಲದೆ ಆಗಲ್ಲ" ಅಂತ ಮತ್ತೆ ನುಂಗುತ್ತಾರೆ. ಅದೇ ವಾರ ಕಾಫಿಯನ್ನೂ ಬಿಡಿಸಬೇಡಿ. ಕಾಫಿ ತಪ್ಪಿ 12ರಿಂದ 24 ಗಂಟೆಯಲ್ಲಿ ತಲೆ ಭಾರ, ಮಂಕು ಶುರುವಾಗಬಹುದು, ಆಮೇಲೆ ಯಾವುದರಿಂದ ಏನಾಯಿತು ಅಂತ ಗೊತ್ತಾಗುವುದಿಲ್ಲ. ದಿನಕ್ಕೆ ಎರಡು ಲೋಟ, ಒಂದೇ ಹೊತ್ತಿಗೆ, ಭಾನುವಾರವೂ.

ಕರಿಬೇವು:
ಸಸ್ಯಾಹಾರ, ಜೊತೆಗೆ ವರ್ಷದ ಗ್ಯಾಸ್ ಮಾತ್ರೆ. ವಿಟಮಿನ್ ಬಿ12 ನೋಡಲೇಬೇಕು. ಊಟದಲ್ಲಿನ ಬಿ12 ಬಿಡಿಸಿಕೊಳ್ಳಲು ಹೊಟ್ಟೆಯ ಆಮ್ಲ ಬೇಕು, ಪ್ಯಾಂಟೊಪ್ರಜೋಲ್‌ನಂಥ ಗ್ಯಾಸ್ ಮಾತ್ರೆ ತಗ್ಗಿಸುವುದು ಅದನ್ನೇ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಕೂಡ ಬಿ12 ಇಳಿಸುತ್ತದೆ.

ದಯವಿಟ್ಟು ರಕ್ತ ಕೊಡುವ ಮೊದಲು ಇಂಜೆಕ್ಷನ್ನಾಗಲಿ ಬಿ-ಕಾಂಪ್ಲೆಕ್ಸ್ ಆಗಲಿ ಬೇಡ. ಆಮೇಲೆ ರಿಪೋರ್ಟ್ ಚೆನ್ನಾಗಿ ಕಾಣುತ್ತದೆ, ನಿಜ ಮುಚ್ಚಿಹೋಗುತ್ತದೆ. ಒಂದು ಮಿಲಿಲೀಟರಿಗೆ 200 ಪಿಕೋಗ್ರಾಂಗಿಂತ ಕೆಳಗಿದ್ದರೆ ಕೊರತೆ. 200ರಿಂದ 300 ಗಡಿ. ಲ್ಯಾಬ್ "ನಾರ್ಮಲ್" ಅಂತ ಅಚ್ಚು ಹಾಕಿದ್ದರೂ ಹೋಮೋಸಿಸ್ಟೀನ್ ಅಥವಾ ಮೀಥೈಲ್‌ಮೆಲೋನಿಕ್ ಆಮ್ಲ (ಬಿ12 ಸಾಲದಾಗ ರಕ್ತದಲ್ಲಿ ಏರುವಂಥವು) ನೋಡಿಸಿ ಅಂತ ಕೇಳಿ. ಹಿಮೋಗ್ಲೋಬಿನ್ 14 ಇದ್ದ ಮಾತ್ರಕ್ಕೆ ನರಕ್ಕೆ ಬಿ12 ಸಾಲುತ್ತಿದೆ ಅಂತಲ್ಲ. ಬರೀ ಫೋಲಿಕ್ ಆಮ್ಲ ನುಂಗಿದರೆ ರಕ್ತ ಸುಧಾರಿಸಿ ನರ ಹಾಳಾಗುತ್ತಲೇ ಹೋಗಬಹುದು. ಅದೇ ರಕ್ತದಲ್ಲಿ ಟಿ.ಎಸ್.ಎಚ್. (ಥೈರಾಯ್ಡ್‌ಗೆ), ಫೆರಿಟಿನ್ (ಕಬ್ಬಿಣದ ಸಂಗ್ರಹಕ್ಕೆ) ಸೇರಿಸಿ. ಕೊರತೆ ಇದ್ದರೆ ದಿನಕ್ಕೆ 1000 ಮೈಕ್ರೋಗ್ರಾಂ ಮಾತ್ರೆ ಬಹುತೇಕರಿಗೆ ಸಾಕಾಗುತ್ತದೆ, ಕೈಕಾಲು ಜೋಮು ಇದ್ದರೆ ಇಂಜೆಕ್ಷನ್ನೇ ಸರಿ. ಮೊಳಕೆಕಾಳು, ಸೊಪ್ಪು ಎಷ್ಟು ತಿಂದರೂ ಬಿ12 ಸಿಗುವುದಿಲ್ಲ. ಒಂದು ಲೋಟ ಹಾಲಲ್ಲಿ ಸುಮಾರು 1 ಮೈಕ್ರೋಗ್ರಾಂ ಇದೆ, ಬೇಕಾದದ್ದು ದಿನಕ್ಕೆ ಎರಡರ ಹತ್ತಿರ.

ಸಂಪಿಗೆಮರ:
ನೀವು ಹೇಳಿದ ಲಕ್ಷಣ (ಎರಡೂ ಕಡೆ, ಒತ್ತು, ನಡೆದರೆ ಹೆಚ್ಚಾಗದು) ಟೆನ್ಷನ್ ಮಾದರಿಯ ತಲೆನೋವಿನದೇ. ಹೆಸರಲ್ಲಿ ಟೆನ್ಷನ್ ಇದೆ ಅಂತ ಮನಸ್ಸಿನ ದೌರ್ಬಲ್ಯ ಅಲ್ಲ. ಕತ್ತು-ತಲೆಯ ಸ್ನಾಯುಗಳಿಂದ ಬರುವ ಸಂಕೇತವನ್ನು ಮಿದುಳು ದೊಡ್ಡದು ಮಾಡಿ ಕೇಳಿಸಿಕೊಳ್ಳುತ್ತಿದೆ. ಎಂ.ಆರ್.ಐ.ಯಲ್ಲಿ ಇದು ಕಾಣುವುದಿಲ್ಲ. ತಿಂಗಳಿಗೆ 15 ದಿನ, ಮೂರು ತಿಂಗಳು ಮೀರಿದರೆ ದೀರ್ಘಕಾಲದ್ದು ಅಂತ ಲೆಕ್ಕ. ಅದಕ್ಕೆ ಡಾಕ್ಟರ್ ರಾತ್ರಿ 10 ಮಿ.ಗ್ರಾಂ ಅಮಿಟ್ರಿಪ್ಟಿಲಿನ್‌ನಿಂದ ಶುರುಮಾಡಬಹುದು. ಖಿನ್ನತೆಯ ಮಾತ್ರೆ ಅಂತ ಹೆದರಬೇಡಿ, ಇದು ಅದಕ್ಕಿಂತ ತುಂಬಾ ಕಡಿಮೆ ಪ್ರಮಾಣ. ಬಾಯಿ ಒಣಗುತ್ತದೆ, ಬೆಳಗ್ಗೆ ಜೊಂಪು ಇರುತ್ತದೆ. ಗುಣ ತಿಳಿಯಲು ನಾಲ್ಕರಿಂದ ಆರು ವಾರ ಬೇಕು, ಹತ್ತು ದಿನಕ್ಕೆ ಬಿಟ್ಟರೆ ಏನೂ ತಿಳಿಯದು.

ಗಮನದ ವಿಷಯ ಬೇರೆ. ಬಿಲ್ಲು ಓದುತ್ತಿರುವಾಗಲೇ "ಈಗ ಒತ್ತು ಹೇಗಿದೆ" ಅಂತ ಒಳಗೊಳಗೇ ನೋಡಿಕೊಳ್ಳುತ್ತಿದ್ದರೆ ಅರ್ಧ ಗಮನ ಅಲ್ಲೇ ಖರ್ಚು. ಹೀಗಾಗಿ ದಿನವಿಡೀ ಗುರುತು ಹಾಕುವುದು ಬೇಡ. ರಾತ್ರಿ ಒಂದೇ ಸಲ ಕ್ಯಾಲೆಂಡರಿನ ಚೌಕದಲ್ಲಿ ಮೂರು ಗುರುತು: 0ರಿಂದ 10ರಲ್ಲಿ ಒತ್ತು ಎಷ್ಟು, ಮಾತ್ರೆ ಹೌದೋ ಅಲ್ಲವೋ, ನಿದ್ದೆ ಎಷ್ಟು ಗಂಟೆ. ಕೆಲಸ 25 ನಿಮಿಷ, ಎದ್ದು ಐದು ನಿಮಿಷ ಕತ್ತು-ಭುಜ ಆಡಿಸುವುದು. ಲ್ಯಾಪ್‌ಟಾಪ್ ಅಡಿಗೆ ದಪ್ಪ ಪುಸ್ತಕ ಇಟ್ಟು ತೆರೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಬರಲಿ, ಕೀಬೋರ್ಡ್ ಬೇರೆ ತನ್ನಿ.

ಗೊರಕೆ ಜೋರಾಗಿದೆಯೇ, ಬೆಳಗ್ಗೆ ಏಳುವಾಗಲೇ ತಲೆ ಭಾರವೇ ಅಂತ ಮನೆಯವರನ್ನು ಕೇಳಿ. ಹೌದಾದರೆ ನಿದ್ದೆಯ ಪರೀಕ್ಷೆ ಬೇಕು. ಸೂಪರ್‌ಮಾರ್ಕೆಟ್ ಸಾಲುಗಳಲ್ಲಿ ತೇಲಿದ ಹಾಗೆ, ಓಲಾಡಿದ ಹಾಗೆ ಆದರೆ ಅದು ಸಮತೋಲನದ ಬೇರೆಯೇ ತೊಂದರೆ, ಅದಕ್ಕೆ ಬೇರೆ ವ್ಯಾಯಾಮ ಇದೆ.

ಮದ್ದುಪೆಟ್ಟಿಗೆ:
ಇನ್ನೊಂದು. ಕ್ಷಣದಲ್ಲಿ ಸಿಡಿದಂತೆ ಬರುವ ನೋವು, ಜ್ವರದ ಜೊತೆ ಕತ್ತು ಬಿಗಿತ, ಮಾತು ತೊದಲುವುದು, ಒಂದು ಕಡೆ ಕೈಕಾಲು ಸೋಲುವುದು, ಎರಡೆರಡು ಕಾಣುವುದು: ಇವುಗಳಲ್ಲಿ ಒಂದು ಬಂದರೂ ಹಳೆಯ ನಾರ್ಮಲ್ ರಿಪೋರ್ಟ್ ನೆಚ್ಚಬೇಡಿ, ತಕ್ಷಣ ಆಸ್ಪತ್ರೆಗೆ. ಮನಸ್ಸು ಕುಗ್ಗಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416, ಹಗಲೂ ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಹೊಳೆದಂಡೆ:
ಸ್ಟ್ರಿಪ್ ನೋಡಿದೆ. ಪ್ಯಾರಾಸಿಟಮಾಲ್ ಜೊತೆ ಕೆಫೀನ್ ಇದೆ. ಕಳೆದ ತಿಂಗಳು 17 ದಿನ. ನಾಳೆ ಬೆಳಗ್ಗೆ ರಕ್ತ ಕೊಡಿಸಿ, ಆಮೇಲೆ ಮಾತ್ರೆ ನಿಲ್ಲಿಸುತ್ತೇವೆ. ಗ್ಯಾಸ್ ಮಾತ್ರೆಯನ್ನೂ ಜೊತೆಗೇ ಬಿಡಬಹುದೇ?

ಕರಿಬೇವು:
ಜೊತೆಗೇ ಬೇಡ. ವರ್ಷ ನುಂಗಿದ್ದನ್ನು ತಟ್ಟನೆ ಬಿಟ್ಟರೆ ಆಮ್ಲ ಮೊದಲಿಗಿಂತ ಹೆಚ್ಚು ಉಕ್ಕಬಹುದು. ಯಾಕೆ ಶುರುಮಾಡಿದ್ದು ಅಂತ ಬರೆದುಕೊಟ್ಟ ಡಾಕ್ಟರನ್ನೇ ಕೇಳಿ, ತಲೆಯ ಹತ್ತು ದಿನ ಕಳೆದ ಮೇಲೆ ದಿನ ಬಿಟ್ಟು ದಿನ ಮಾಡಿ ಇಳಿಸಿ.