ಸ್ವಿಚ್ಚಿಗೆ ಮಾತು ಕೇಳಿಸ್ತಿಲ್ಲವೋ, ಕೇಳ್ತಿಲ್ಲವೋ?

ಎಲ್ಲರಿಗೂ ನಮಸ್ಕಾರ.

ಒಂದು ಪದ ಬೇಕಾಗಿದೆ, ಸಣ್ಣ ಕೆಲಸಕ್ಕೆ: ಫೋನಲ್ಲಿ ಒತ್ತಿದರೂ ಸ್ವಿಚ್ ಸುಮ್ಮನಿದ್ದರೆ ಅದಕ್ಕೆ ಏನನ್ನಬೇಕು? ನಡುಮನೆಯ ಸ್ವಿಚ್‌ಬೋರ್ಡಿನ ಪಕ್ಕ ಒಂದು ಚೀಟಿ ಅಂಟಿಸಬೇಕು, ಅಷ್ಟೇ. ಮೂರು ದಿನವಾಯಿತು, ಮೊದಲ ಸಾಲೇ ಮುಗಿದಿಲ್ಲ.

ಮೈಸೂರಿನ ನಮ್ಮ ಮನೆಗೆ ಹೋದ ವರ್ಷ ಸ್ಮಾರ್ಟ್ ಸ್ವಿಚ್ ಹಾಕಿಸಿದೆವು. ಗೋಡೆಯ ಹಳೇ ಸ್ವಿಚ್ ಹಾಗೇ ಇದೆ. ಅದರ ಹಿಂದೆ ಬೆಂಕಿಪೊಟ್ಟಣದಷ್ಟು ಗಾತ್ರದ ಒಂದು ಮಾಡ್ಯೂಲ್ ಕೂತಿದೆ, ಫೋನಲ್ಲಿ ಒತ್ತಿದ್ದನ್ನು ವೈಫೈ ಮೂಲಕ ಹಿಡಿಯೋದು ಅದೇ. ಅತ್ತೆಯವರಿಗೆ ಮಂಡಿನೋವು. ರಾತ್ರಿ ಎದ್ದು ಕತ್ತಲಲ್ಲಿ ಬೋರ್ಡಿನ ತನಕ ನಡೆಯೋದು ಬೇಡ, ಹಾಸಿಗೆಯಿಂದಲೇ ಫೋನಲ್ಲಿ ಲೈಟ್ ಹಾಕಿಕೊಳ್ಳಲಿ ಅಂತ. ಹೋದ ವಾರ ಅದು ಕೈಕೊಟ್ಟಿತು. ಗೋಡೆಯ ಸ್ವಿಚ್ ಒತ್ತಿದರೆ ಲೈಟ್ ಹತ್ತುತ್ತದೆ. ಫೋನಲ್ಲಿ ಒತ್ತಿದರೆ ಜಪ್ಪಯ್ಯ ಅಂದರೂ ಇಲ್ಲ. ಆ್ಯಪಿನಲ್ಲಿ ಕನ್ನಡದಲ್ಲೇ ಒಂದು ಸಾಲು ಬಂತು: ‘ಸಾಧನವು ಪ್ರತಿಕ್ರಿಯಿಸುತ್ತಿಲ್ಲ’.

ಅತ್ತೆ ಧಾರವಾಡದವರು. ಕನ್ನಡಕ ಏರಿಸಿ ಓದಿ, ‘ಅದಕ್ಕ ಏನ್ ಕೇಳಿದಿ ನೀ?’ ಅಂದರು.

ಅವರದೇನೂ ತಪ್ಪಿಲ್ಲ. ಪ್ರತಿಕ್ರಿಯೆ ಅಂದರೆ ಪೇಪರ್‌ನವರು ಮೈಕ್ ಹಿಡಿದಾಗ ಸಚಿವರು ಕೊಡುವಂಥದ್ದು. ಸರಿ, ‘ಸ್ಪಂದಿಸುತ್ತಿಲ್ಲ’ ಅನ್ನೋಣ ಅಂದುಕೊಂಡೆ. ಸಂಸ್ಕೃತದಲ್ಲಿ ಸ್ಪಂದ ಅಂದರೆ ಮಿಡಿಯೋದು, ಅದುರೋದು. ಕನ್ನಡಕ್ಕೆ ಬಂದ ಮೇಲೆ ಅದಕ್ಕೆ ಮರುಕ ಅಂಟಿಕೊಂಡಿದೆ, ‘ಜನರ ಕಷ್ಟಕ್ಕೆ ಸ್ಪಂದಿಸುತ್ತೇವೆ’ ಅನ್ನುವ ಹಾಗೆ. ಇನ್ನು ‘ಸ್ಪಂದಿಸುತ್ತಿಲ್ಲ’ ಅಂತ ಓದಿದ ಕೂಡಲೇ ‘ಚಿಕಿತ್ಸೆಗೆ’ ಅನ್ನೋದು ತಾನೇ ಬಂದು ಮುಂದೆ ಕೂರುತ್ತದೆ. ಐಸಿಯು ಬಾಗಿಲಲ್ಲಿ ನಿಂತ ಹಾಗಾಗುತ್ತದೆ. ಒಂದು ಲೈಟಿಗೆ ಅಷ್ಟೆಲ್ಲ ಬೇಡ ಅಲ್ವಾ?

ಕೊನೆಗೆ ಪರಿಚಯದ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿದೆ. ಅವರ ಮೊದಲ ಪ್ರಶ್ನೆ: ‘ಮೇಡಂ, ಅದಕ್ಕೆ ಮಾತು ಕೇಳಿಸ್ತಿಲ್ವಾ, ಇಲ್ಲ ಕೇಳಿಸಿನೂ ಕೇಳ್ತಿಲ್ವಾ?’

ನಾನು ಫೋನ್ ಹಿಡಿದುಕೊಂಡು ಸುಮ್ನೆ ನಿಂತುಬಿಟ್ಟೆ. ಆ್ಯಪ್ ಒಂದೇ ಪದದಲ್ಲಿ ತುರುಕಿದ್ದನ್ನು ಇವರು ಕೇಳು ಅನ್ನುವ ಒಂದೇ ಧಾತುವಿನಲ್ಲಿ ಎರಡು ಮಾಡಿದ್ದರು. ಆಮೇಲೆ ಬಿಡಿಸಿ ಹೇಳಿದರು. ಫೋನಲ್ಲಿ ಒತ್ತಿದಾಗ ಗೋಡೆಯೊಳಗೆ ರಿಲೇ (ಮಾಡ್ಯೂಲಿನೊಳಗೆ ಕರೆಂಟು ಕೊಡುವ, ಕಡಿಯುವ ಪುಟ್ಟ ಸ್ವಿಚ್ಚು) ‘ಟಕ್’ ಅಂದರೆ ಅದಕ್ಕೆ ಕೇಳಿಸಿದೆ. ಆದರೂ ಲೈಟ್ ಹತ್ತದಿದ್ದರೆ ಬಲ್ಬು, ವೈರು ನೋಡಬೇಕು. ‘ಟಕ್’ ಅನ್ನೋದೇ ಇಲ್ಲವೆಂದರೆ ಕೇಳಿಸಿಯೇ ಇಲ್ಲ, ಮೊದಲು ವೈಫೈ ನೋಡಬೇಕು. ಗೋಡೆಯ ಸ್ವಿಚ್ಚೂ ಕೆಲಸ ಮಾಡದಿದ್ದರೆ ಮಾಡ್ಯೂಲಿಗೆ ಸಪ್ಲೈ ಬರ್ತಿದೆಯಾ, ನ್ಯೂಟ್ರಲ್ ವೈರು ಕಳಚಿದೆಯಾ ಅಂತ ಬೋರ್ಡ್ ಬಿಚ್ಚಿ ನೋಡಬೇಕು. ‘ಅದನ್ನ ನೀವು ಮಾಡೋಕೆ ಹೋಗಬೇಡಿ, 230 ವೋಲ್ಟು’ ಅಂತಲೂ ಸೇರಿಸಿದರು.

ಮಾಡು–ಮಾಡಿಸು, ಓದು–ಓದಿಸು ಅನ್ನುವಾಗ ‘ಇಸು’ ಬೇರೆಯವರ ಕೈಲಿ ಕೆಲಸ ಮಾಡಿಸುತ್ತದೆ. ಕೇಳಿಸು, ಕಾಣಿಸು ಅನ್ನುವಲ್ಲಿ ಹಾಗಲ್ಲ, ಅದು ತಾನಾಗಿ ಕಿವಿಗೋ ಕಣ್ಣಿಗೋ ಬಂದು ಬೀಳೋದು. ಬರೀ ‘ಕೇಳು’ ಅಂದರೆ ಪ್ರಶ್ನೆ ಕೇಳೋದು, ಹಾಡು ಕೇಳೋದು, ಹೇಳಿದ ಹಾಗೆ ನಡೆಯೋದು, ಮೂರೂ ಹೌದು. ಮಕ್ಕಳಿಗೆ ‘ಮಾತು ಕೇಳಿಸ್ತಿಲ್ವಾ?’ ಅಂತ ಗದರುವಾಗ ನಾವು ಹೇಳೋದು ಕಿವಿಯ ವಿಷಯ ಅಲ್ಲ, ಅದು ಬೇರೆ ಮಾತು.

ನಮ್ಮ ಮನೆಯಲ್ಲಿ ‘ಟಕ್’ ಇರಲಿಲ್ಲ. ಕಾರಣ ಆಮೇಲೆ ಗೊತ್ತಾಯಿತು. ಸ್ವಿಚ್ ಕೈಕೊಟ್ಟ ಹಿಂದಿನ ದಿನ ರೂಟರ್ ಬದಲಿಸಿದ್ದೆವು, ಮಗ ಹೊಸ ವೈಫೈಗೆ ಹೊಸ ಹೆಸರಿಟ್ಟಿದ್ದ. ಸ್ವಿಚ್ ಪಾಪ ಹಳೇ ಹೆಸರು ಹಿಡಿದು ಕರೆಯುತ್ತಲೇ ಇತ್ತು, ‘ಓ’ ಅನ್ನುವವರೇ ಇರಲಿಲ್ಲ. ಹೊಸ ರೂಟರಿಗೆ ಹಳೇ ಹೆಸರು, ಹಳೇ ಪಾಸ್‌ವರ್ಡನ್ನೇ ಕೊಟ್ಟೆವು. ವೈಫೈನ 2.4 ಗಿಗಾಹರ್ಟ್ಸ್ ತರಂಗ ಆಫ್ ಆಗಿತ್ತು, ಅದನ್ನೂ ಆನ್ ಮಾಡಿದೆವು. ಇಂಥ ಸ್ವಿಚ್ಚುಗಳಲ್ಲಿ ಹೆಚ್ಚಿನವಕ್ಕೆ 5 ಗಿಗಾಹರ್ಟ್ಸ್ ಹಿಡಿಯುವುದಿಲ್ಲ. ಸ್ವಲ್ಪ ಹೊತ್ತಿನಲ್ಲೇ ಗೋಡೆಯೊಳಗಿಂದ ‘ಟಕ್’.

ಆಗಲೇ ‘ಓಗೊಡು’ ನೆನಪಾದದ್ದು. ಓ ಮತ್ತು ಕೊಡು ಸೇರಿ, ಕಕಾರ ಗಕಾರವಾಗಿ ಓಗೊಡು. ಊಟಕ್ಕೆ ಬಾರೋ ಅಂದರೆ ಹಿತ್ತಲಿಂದ ‘ಓ’ ಅಂತಾರಲ್ಲ, ಅದೇ. ಎಷ್ಟು ಚೆನ್ನಾಗಿ ಹೊಂದುತ್ತದೆ! ಆದರೆ ಈಗ ಅದನ್ನು ‘ಗಾಂಧೀಜಿಯವರ ಕರೆಗೆ ಓಗೊಟ್ಟು’ ಅನ್ನುವ ಸಾಲಿನಲ್ಲೇ ಹೆಚ್ಚಾಗಿ ನೋಡುತ್ತೇವೆ. ಸ್ವಿಚ್‌ಬೋರ್ಡಿನ ಪಕ್ಕ ಬರೆದರೆ ಭಾಷಣದ ಹಾಗೆ ಕಾಣುತ್ತದೇನೋ. ಅದೂ ಅಲ್ಲದೆ, ನಮ್ಮಲ್ಲಿ ಓಗೊಡದೇ ಇದ್ದದ್ದು ಸ್ವಿಚ್ ಅಲ್ಲ, ರೂಟರ್.

ಇನ್ನೊಂದು ತೊಡಕು. ನಾನು ಲೈಟ್ ‘ಹಾಕು’ ಅಂತೀನಿ, ಅತ್ತೆ ‘ಹಚ್ಚು’ ಅಂತಾರೆ. ಅವರು ಫ್ಯಾನೂ ಹಚ್ಚುತ್ತಾರೆ, ಫೋನೂ ಹಚ್ಚುತ್ತಾರೆ. ದೇವರ ದೀಪಕ್ಕೆ ‘ಆರಿಸು’ ಅಂದರೆ ಅವರಿಗೆ ಆಗೋದಿಲ್ಲ, ‘ಶಾಂತ ಮಾಡು’ ಅನ್ನಬೇಕು. ಕರೆಂಟಿನ ಲೈಟಿಗೆ ‘ಬಂದ್ ಮಾಡು’. ಹಾಗಾಗಿ ಚೀಟಿಯಲ್ಲಿ ‘ಆರಿಸಿ’ ಬರಕೂಡದು ಅಂತ ಅಪ್ಪಣೆಯಾಗಿದೆ.

ಸದ್ಯಕ್ಕೆ ಚೀಟಿ ಹೀಗಿದೆ: ‘ಫೋನಿನ ಮಾತು ಸ್ವಿಚ್ಚಿಗೆ ಕೇಳಿಸದಿದ್ದರೆ ಗೋಡೆಯ ಸ್ವಿಚ್ ಒತ್ತಿ. ಟಕ್ ಅಂದರೂ ಲೈಟ್ ಹತ್ತದಿದ್ದರೆ ನನಗೆ ಫೋನ್ ಹಚ್ಚಿ.’

ಸ್ವಿಚ್ಚಿಗೆ ಕಿವಿ ಇರುವ ಹಾಗೆ ‘ಕೇಳಿಸದಿದ್ದರೆ’ ಅನ್ನೋದು ನಿಮಗೆ ಬಾಲಿಶ ಅನ್ನಿಸುತ್ತದೆಯೇ? ನಿಮ್ಮ ಕಡೆ ‘ಓಗೊಡು’ ಇನ್ನೂ ಬಾಯಿಮಾತಿನಲ್ಲಿದೆಯೇ? ಮಲೆನಾಡು, ಕರಾವಳಿಯವರು ಇಂಥ ಕಡೆ ಏನನ್ನುತ್ತೀರಿ? ಭಾನುವಾರ ಅಂಟು ತರುತ್ತೇನೆ, ಅದರೊಳಗೆ ತಿಳಿಸಿ.