ಸಹಾಯ ಬೇಕು: ಹೊರದೇಶದ ಕಂಪನಿ ತೆರಿಗೆ ಹಿಡಿದುಕೊಂಡಿದೆ

ಎಲ್ಲರಿಗೂ ನಮಸ್ಕಾರ. ಮನೆಯಿಂದಲೇ ಬೇರೆ ದೇಶದ ಕಂಪನಿಗೆ ಕಾಂಟ್ರಾಕ್ಟ್ ಮೇಲೆ ಕೆಲಸ ಮಾಡುತ್ತಿದ್ದೇನೆ. ಈ ಸಲ ಅವರು ಅಲ್ಲೇ ತೆರಿಗೆ ಮುರಿದುಕೊಂಡು ಉಳಿದ ಹಣ ಕಳಿಸಿದ್ದಾರೆ. ನಾನು ಆ ದೇಶಕ್ಕೆ ಕಾಲೇ ಇಟ್ಟಿಲ್ಲ! ಎರಡೂ ದೇಶಗಳ ಮಧ್ಯೆ ದುಪ್ಪಟ್ಟು ತೆರಿಗೆ ತಪ್ಪಿಸುವ ಒಪ್ಪಂದ ಇದೆ. ನಾನು ಇಲ್ಲಿನ ತೆರಿಗೆ ನಿವಾಸಿ ಅನ್ನೋ ಪ್ರಮಾಣಪತ್ರವನ್ನು ಈಗ ಕೊಟ್ಟರೆ ಹಿಡಿದದ್ದು ವಾಪಸ್ ಸಿಗುತ್ತದಾ? ಇಲ್ಲಾ ಇಲ್ಲಿ ರಿಟರ್ನ್ ಹಾಕುವಾಗ ಕ್ರೆಡಿಟ್ (ಅಲ್ಲಿ ಹಿಡಿದ ತೆರಿಗೆಯನ್ನು ಇಲ್ಲಿನ ತೆರಿಗೆಯಲ್ಲಿ ಕಳೆಯುವುದು) ಕೇಳಬೇಕಾ? ಅದಕ್ಕೆ ಅವರಿಂದ ಯಾವ ಕಾಗದ ತರಿಸಿಕೊಳ್ಳಬೇಕು?

ಇನ್ನೊಂದು. ಬ್ಯಾಂಕುಗಳು ದೇಶದಿಂದ ದೇಶಕ್ಕೆ ಹಣ ಕಳಿಸಲು ಬಳಸುವ ವ್ಯವಸ್ಥೆಯಾದ ಸ್ವಿಫ್ಟ್‌ನಲ್ಲಿ ಬರುವ ಹಣದಲ್ಲಿ ಮಧ್ಯದ ಬ್ಯಾಂಕೂ ಒಂದಿಷ್ಟು ಕಡಿತ ಮಾಡುತ್ತದೆ. ಇನ್‌ವಾಯ್ಸ್‌ಗೂ ಖಾತೆಗೂ ತಾಳೆಯೇ ಆಗುವುದಿಲ್ಲ. ಶುಲ್ಕವೆಲ್ಲ ಕಳಿಸುವವರದ್ದೇ ಅಂತ ಯಾರಾದರೂ ಕ್ಲೈಂಟನ್ನು ಒಪ್ಪಿಸಿದ್ದೀರಾ?

ಸ್ವಂತ ಅನುಭವ ಇದ್ದವರು ಹೇಳಿ. ಸುಮ್ನೆ ಏಜೆಂಟರ ನಂಬರ್ ಬೇಡ.