ಎಚ್‌ಐವಿಯೂ ಪ್ಲಸ್ ಎಳೆ, ಆದರೂ ಬೇರೆ ಗುಂಪು ಯಾಕೆ?

ಮಲ್ನಾಡ್ ಹುಡುಗ: ನಮ್ಮ ಕಡೆಯ ಮಂಗನ ಕಾಯಿಲೆ ವೈರಸ್ಸಿನದು ಒಂಟಿ ಎಳೆಯ ಪ್ಲಸ್ ಆರ್‌ಎನ್‌ಎ, ಅಂದರೆ ಅಕ್ಷರ ನೇರವಾಗಿರುವುದು; ಮೈನಸ್ ಅಂದರೆ ಉಲ್ಟಾ. ವೈರಸ್‌ಗಳನ್ನು ಗುಂಪು ಮಾಡುವ ಬಾಲ್ಟಿಮೋರ್ ಪಟ್ಟಿಯಲ್ಲಿ ನಾಲ್ಕನೇ ಗುಂಪು. ಎಚ್‌ಐವಿಯದೂ ಒಂಟಿ, ಪ್ಲಸ್. ಅದು ಮಾತ್ರ ಆರನೇ ಗುಂಪು. ಇದೆಂಥ ಲೆಕ್ಕ?

ಲ್ಯಾಬ್ ಇರುವೆ: ಎಳೆಯನ್ನಷ್ಟೇ ನೋಡಿ ಮಾಡಿದ ಪಟ್ಟಿ ಅಲ್ಲ ಅದು. 1971ರಲ್ಲಿ ವಿಜ್ಞಾನಿ ಡೇವಿಡ್ ಬಾಲ್ಟಿಮೋರ್ ಕೇಳಿದ್ದು ಒಂದೇ: ಈ ವೈರಸ್ ಎಂಆರ್‌ಎನ್‌ಎ (ಪ್ರೋಟೀನ್ ಮಾಡಲು ಸೂಚನೆ ಒಯ್ಯುವ ಆರ್‌ಎನ್‌ಎ) ಹೇಗೆ ಮಾಡುತ್ತದೆ? ಜೀವಕೋಶದಲ್ಲಿ ಪ್ರೋಟೀನ್ ಕಟ್ಟುವ ರೈಬೋಸೋಮ್‌ಗೆ ಓದಲು ಬರುವುದು ಅದೊಂದೇ. ಡೆಂಗ್ಯೂ, ಪೋಲಿಯೊ, ಮಂಗನ ಕಾಯಿಲೆಯವು ಒಳಗೆ ಬಿದ್ದ ಕೂಡಲೇ ಓದಿಸಿಕೊಳ್ಳುತ್ತವೆ. ಎಚ್‌ಐವಿ ಮೊದಲು ಡಿಎನ್‌ಎ ಆಗಿ, ನಮ್ಮ ಡಿಎನ್‌ಎಯಲ್ಲಿ ಸೇರಿಕೊಂಡು, ಅಲ್ಲಿಂದ ಎಂಆರ್‌ಎನ್‌ಎ ಮಾಡಿಸುತ್ತದೆ.

ಮಲ್ನಾಡ್ ಹುಡುಗ: ಆದರೆ ಎಚ್‌ಐವಿ ಆರ್‌ಎನ್‌ಎ ನೋಡಲು ಥೇಟ್ ಎಂಆರ್‌ಎನ್‌ಎ ತರಾನೇ ಇದೆಯಲ್ಲ!

ಲ್ಯಾಬ್ ಇರುವೆ: ಇದೆ. ಆದರೆ ಅದು ನೇರ ಓದಿಸಿಕೊಳ್ಳುವ ದಾರಿ ಹಿಡಿಯುವುದಿಲ್ಲ. ಇನ್ನು ರೇಬೀಸ್ ನೋಡಿ, ಅದು ಮೈನಸ್, ಐದನೇ ಗುಂಪು. ರಬ್ಬರ್ ಸ್ಟಾಂಪಿನ ಹಾಗೆ, ಅಕ್ಷರ ಎಲ್ಲ ಉಲ್ಟಾ. ಒತ್ತಿದ ಮೇಲೆಯೇ ಓದಲು ಬರುವುದು. ಆರ್‌ಎನ್‌ಎ ನೋಡಿ ಇಡೀ ಆರ್‌ಎನ್‌ಎ ನಕಲು ಮಾಡಿಕೊಡುವ ಯಂತ್ರ ನಮ್ಮ ಜೀವಕೋಶ ಇಂಥ ವೈರಸ್‌ಗಳಿಗೆ ಕೊಡುವುದಿಲ್ಲ. ಹಾಗಾಗಿ ಬುತ್ತಿ ಕಟ್ಟಿಕೊಂಡ ಹಾಗೆ ಆ ನಕಲು ಯಂತ್ರವನ್ನು, ಅಂದರೆ ಪಾಲಿಮರೇಸನ್ನು, ಜೊತೆಗೇ ತರುತ್ತವೆ. ಬರೀ ಪೋಲಿಯೊ ಆರ್‌ಎನ್‌ಎಯನ್ನು ಜೀವಕೋಶಕ್ಕೆ ಹಾಕಿದರೆ ಹೊಸ ವೈರಸ್ ಹುಟ್ಟುತ್ತದೆ. ಬರೀ ರೇಬೀಸ್ ಆರ್‌ಎನ್‌ಎ ಹಾಕಿದರೆ ಏನೂ ಆಗುವುದಿಲ್ಲ.

ಕುರಿ ಡಾಕ್ಟರ್: ಮೂರನೇ ಗುಂಪು ಯಾರಿಗೂ ನೆನಪಿಲ್ಲ, ಪಾಪ. ಕುರಿಗಳ ನೀಲಿ ನಾಲಿಗೆ ರೋಗದ ವೈರಸ್ ಅಲ್ಲೇ ಇದೆ. ಜೋಡಿ ಎಳೆಯ ಆರ್‌ಎನ್‌ಎ, 10 ತುಂಡು. ಜೋಡಿಯಲ್ಲಿ ಒಂದು ಪ್ಲಸ್ ಇದ್ದೇ ಇರುತ್ತದೆ, ಆದರೆ ಹೆಣೆದುಕೊಂಡಿರುವಾಗ ಓದಲು ಬರುವುದಿಲ್ಲ. ಅದಕ್ಕೂ ಸ್ವಂತ ಪಾಲಿಮರೇಸ್ ಬೇಕು. ಆದರೆ ನನ್ನ ತಕರಾರು ಬೇರೆ. ಈ ಗುಂಪುಗಳನ್ನು ವಂಶಾವಳಿ ಅಂದುಕೊಳ್ಳಬೇಡಿ. ಜೋಡಿ ಎಳೆಯವೆಲ್ಲ ದಾಯಾದಿಗಳಲ್ಲ. ಈಗಿನ ವಂಶ ವಿಂಗಡಣೆಯಲ್ಲಿ ಅವುಗಳಲ್ಲಿ ಕೆಲವು ಪೋಲಿಯೊ ಇರುವ ಫೈಲಮ್‌ನಲ್ಲೇ (ವಂಶದ ದೊಡ್ಡ ಕವಲು) ಇವೆ.

ಲ್ಯಾಬ್ ಇರುವೆ: ಒಪ್ಪಿದೆ. ಇದು ಕಸುಬಿನ ಪಟ್ಟಿ, ಮನೆತನದ್ದಲ್ಲ.

ತೋಟದ ಮನೆ: ಹಾಗಾದ್ರೆ ಟೊಮೆಟೊ ಬಾಡಿಸುವ ಟೋಸ್ಪೊ ವೈರಸ್ಸಿಗೆ ಏನಂತೀರಿ? ಮೂರು ತುಂಡಿನಲ್ಲಿ ಎರಡು ಅರ್ಧ ಪ್ಲಸ್, ಅರ್ಧ ಮೈನಸ್.

ಲ್ಯಾಬ್ ಇರುವೆ: ಐದನೇ ಗುಂಪಿಗೇ ಹಾಕಿದ್ದಾರೆ. ಪ್ಲಸ್ ಅರ್ಧವನ್ನೂ ನೇರ ಓದುವುದಿಲ್ಲ, ನಕಲಿನ ನಕಲು ಆಗಬೇಕು.

ಮಲ್ನಾಡ್ ಹುಡುಗ: ಸುಮ್ನೆ ಒಂದು ಕೇಳಿದೆ, ಸಿಲಬಸ್ಸೇ ಬಿಚ್ಚಿಟ್ರಿ!